ಹೆಸರಿದ್ದಲ್ಲಿ ಚುಕ್ಕಿ ಇಟ್ಟವನು

ಆ ಪುಸ್ತಕದಲ್ಲಿರುವ ಒಂದು ಒಡಪೂ ನನ್ನದಲ್ಲ.

ಹಸಿರು ಹೊದಿಕೆ, ನಡುವೆ ಎರಡು ಪಿನ್ನು, ಅಂಗೈಯಗಲದ ಪುಸ್ತಕ. ಸವಣೂರು, ಶಿಗ್ಗಾವಿ ಕಡೆ ಮದುವೆಯಾಗಿ ಬಂದ ಎಷ್ಟೋ ಹೆಣ್ಣುಮಕ್ಕಳ ಟ್ರಂಕಿನ ತಳದಲ್ಲಿ ಅದು ಇನ್ನೂ ಇದ್ದೀತು. ಹೊದಿಕೆಯ ಮೇಲೆ ದಪ್ಪ ಅಕ್ಷರದಲ್ಲಿ ನನ್ನ ಹೆಸರಿದೆ, ಅದರ ತಲೆಯ ಮೇಲೆ ಸಣ್ಣಗೆ 'ರಚನೆ' ಎಂದಿದೆ. ಆ ಒಡಪುಗಳನ್ನು ಕಟ್ಟಿದವಳು ಹಂಸಭಾವಿಯ ನೀಲಗಂಗವ್ವ — ನಾನು ಬಾಡಿಗೆಗಿದ್ದ ಮನೆಯ ಒಡತಿ, ನನ್ನನ್ನು ತಮ್ಮಾ ಎಂದು ಕರೆದು ರೊಟ್ಟಿ ಬಡಿದು ಹಾಕಿದವಳು. ನಾನು ಕದ್ದೆ. ಕದ್ದದ್ದಷ್ಟೇ ಆಗಿದ್ದರೆ ಹೇಗೋ ಮರೆತುಬಿಡುತ್ತಿದ್ದೆನೇನೋ, ಮನುಷ್ಯ ಅಂಥದ್ದನ್ನು ಮರೆಯುತ್ತಾನೆ. ಆದರೆ ತುಂಬಿದ ಮದುವೆಮನೆಯಲ್ಲಿ, ಅವಳ ಎದುರಿಗೇ, ಅವಳೇ ನನ್ನದನ್ನು ಕಂಠಪಾಠ ಮಾಡಿ ಹೇಳಿದಳು ಎಂಬಂತೆ ಮಾತಾಡಿದೆ. ಅದನ್ನು ಹೇಳಬೇಕಾಗಿದೆ.

ನಾನು ಚಿಕ್ಕೇರೂರಿನವನು. ಎಪ್ಪತ್ತರ ದಶಕ ಶುರುವಾದಾಗ ಪದವಿ ಮುಗಿಸಿ, ನೌಕರಿ ಸಿಗದೆ, ವಾರಪತ್ರಿಕೆಯೊಂದರಲ್ಲಿ ಎರಡು ಕತೆ ಅಚ್ಚಾದದ್ದೇ ತಡ, ಬರವಣಿಗೆಯಿಂದಲೇ ಬದುಕುತ್ತೇನೆ ಎಂದು ಅಪ್ಪನ ಮುಂದೆ ಎದೆ ಸೆಟೆಸಿದೆ. ಅಪ್ಪ ಕೇಳಿದ್ದು ಒಂದೇ ಮಾತು: "ಬರಿಯಾಂವಗ ಯಾರು ಕೆಲಸ ಕೊಡ್ತಾರೋ ಮಗನ?"

ಕೊಡುತ್ತಿದ್ದರು. ಕತೆ ಬರೆಯುವ ಕೆಲಸ ಮಾತ್ರ ಯಾರೂ ಕೊಡಲಿಲ್ಲ. ಹಾನಗಲ್ಲಿನ ಕಚೇರಿಯ ಮುಂದೆ ಬೇವಿನ ಮರದ ಕೆಳಗೆ ಕೂತರೆ ಅರ್ಜಿ ಬರೆಯುವ ಕೆಲಸ. ಶಿಗ್ಗಾವಿಯ ಅರಿವೆ ಅಂಗಡಿಗೆ ದೀಪಾವಳಿಯ ಹಸ್ತಪತ್ರಿಕೆ. ಹಿರೇಕೆರೂರಿನ ಶಾಲೆಗಳ ಗ್ಯಾದರಿಂಗಿಗೆ ನಾಟಕ — ಅದರಲ್ಲಿ ವಂತಿಗೆ ಹೆಚ್ಚು ಕೊಟ್ಟವರ ಮಗನಿಗೆ ರಾಜನ ಪಾತ್ರ ಇರಲೇಬೇಕು. ಹುಬ್ಬಳ್ಳಿಯ ಪತ್ರಿಕೆಗೆ ಸುದ್ದಿ. ಅಚ್ಚಾದ ಸುದ್ದಿಯನ್ನು ಕತ್ತರಿಸಿ, ಹಾಳೆಗೆ ಅಂಟಿಸಿ ತಿಂಗಳ ಕೊನೆಗೆ ಕಳಿಸಿದರೆ ಅಳತೆ ನೋಡಿ ಕೊಡುತ್ತಿದ್ದರು, ಹೀಗಾಗಿ ನಾಯಿ ಕಚ್ಚಿದ ಸುದ್ದಿಯನ್ನೂ ಉದ್ದ ಮಾಡುವುದನ್ನು ಕಲಿತೆ. ಮದುವೆಯ ಕಾರ್ಡು, ಸತ್ತವರಿಗೆ ನಾಲ್ಕು ಸಾಲಿನ ಶ್ರದ್ಧಾಂಜಲಿ. ಎಲ್ಲಕ್ಕಿಂತ ಹೆಚ್ಚು ಬರುತ್ತಿದ್ದದ್ದು ಮಾನಪತ್ರ. ವರ್ಗವಾಗಿ ಹೋಗುವ ಸಾಹೇಬರಿಗೆ, ನಿವೃತ್ತರಾಗುವ ಹೆಡ್ಮಾಸ್ತರರಿಗೆ ಓದಿ, ಕಟ್ಟು ಹಾಕಿಸಿ ಕೊಡುವ ಹೊಗಳಿಕೆ. ಊರಿಗೆ ಬಂದಾಗಿನಿಂದ ಒಬ್ಬ ರೈತನ ಮುಖವನ್ನೂ ನೆಟ್ಟಗೆ ನೋಡದ ಸಾಹೇಬರೊಬ್ಬರನ್ನು 'ಕರುಣಾಸಾಗರ' ಎಂದು ಬರೆದಿದ್ದೇನೆ. ಅವರು ಕಣ್ಣೊರೆಸಿಕೊಂಡರು. ಎಂಥವರ ಬಗ್ಗೆಯೂ ಹೊತ್ತಿಗೆ ಸರಿಯಾಗಿ ಒಂದು ಒಳ್ಳೆಯ ಮಾತು ಹೊಂದಿಸುವುದು — ಈ ಊರೂರು ತಿರುಗುವ ಬರವಣಿಗೆಯಿಂದ ನಾನು ನಿಜವಾಗಿ ಕಲಿತ ವಿದ್ಯೆ ಅದೊಂದೇ. ಆ ವಿದ್ಯೆಯೇ ಮುಂದೆ ನನ್ನನ್ನು ಕೆಡಿಸಿತು.

ಈ ಊರುಗಳಿಗೆಲ್ಲ ತಿರುಗಲು ಅನುಕೂಲವೆಂದು ಹಂಸಭಾವಿಯಲ್ಲಿ ಒಂದು ಖೋಲಿ ಹಿಡಿದೆ. ಮನೆಯ ಯಜಮಾನ ಬಸವಣ್ಣೆಪ್ಪ. ಮನೆಯ ಮುಂಭಾಗದಲ್ಲೇ ಅವನ ಕಿರಾಣಿ ಅಂಗಡಿ. ಹೆಗಲ ಮೇಲೆ ಸದಾ ಒಂದು ಶಲ್ಯ, ಮಾತು ಬಹಳ ಕಡಿಮೆ. ಹೆಂಡತಿ ನೀಲಗಂಗವ್ವ, ನನಗೆ ನೀಲಕ್ಕ. ಒಬ್ಬಳೇ ಮಗಳು ಗಿರಿಜಾ, ಆಗ ಶಾಲೆಗೆ ಹೋಗುವ ಹುಡುಗಿ. ನೀಲಕ್ಕನಿಗೆ ಓದು ಬರಹ ಇರಲಿಲ್ಲ. ಆದರೆ ಅವಳ ಬಾಯಲ್ಲಿ ಏನಿತ್ತು ಎನ್ನುವುದನ್ನು ನಾನು ಅಲ್ಲಿಗೆ ಬಂದ ಮೇಲಿನ ಮೊದಲ ಕುಬಸದ, ಅಂದರೆ ಸೀಮಂತದ, ದಿನವೇ ತಿಳಿದೆ.

ನಮ್ಮ ಕಡೆ ಮುತ್ತೈದೆಯರು ಗಂಡನ ಹೆಸರನ್ನು ಬರಿದೇ ಹೇಳುವುದಿಲ್ಲ. ಮದುವೆ, ಕುಬಸ, ತೊಟ್ಟಿಲು — ಹೆಂಗಸರು ಸೇರಿದಲ್ಲಿ ಸುತ್ತುಗಟ್ಟಿ 'ಹೆಸರ ಹೇಳು' ಎಂದು ಕಾಡುತ್ತಾರೆ. ಆಗ ಒಡಪು ಹಾಕಿ, ಆ ಪದ್ಯದೊಳಗೆ ಗಂಡನ ಹೆಸರನ್ನು ಸೇರಿಸಿ ಹೇಳಬೇಕು. ಬಹಳ ಜನ ತಾಯಿಯಿಂದ ಬಂದ ಎರಡೋ ಮೂರೋ ಒಡಪನ್ನೇ ಜೀವನವಿಡೀ ಹೇಳುತ್ತಾರೆ. ನೀಲಕ್ಕ ಒಮ್ಮೆ ಹೇಳಿದ್ದನ್ನು ಮತ್ತೆ ಹೇಳುತ್ತಿರಲಿಲ್ಲ. ಅವತ್ತು ಅವಳು ಎದ್ದು ನಿಂತು ಹೇಳಿದ್ದು ಇದು:

"ತಕ್ಕಡಿ ಹಿಡದ ಕೈ ತಪ್ಪಂಗಿಲ್ಲ ಗುಂಜಿ,
ಬಸವಣ್ಣೆಪ್ಪನವರು ನನ್ನ ಬೈತಾರ ಅಂಜಿ ಅಂಜಿ."

ಒಳಗೆ ಹೆಂಗಸರು ನಕ್ಕು ಸುಸ್ತಾದರು. ಹೊರಗೆ ಕಟ್ಟೆಯ ಮೇಲೆ ಗಂಡಸರ ನಡುವೆ ಕೂತ ಬಸವಣ್ಣೆಪ್ಪ ಶಲ್ಯವನ್ನು ಹೆಗಲಿಂದ ತೆಗೆದು, ಜಾಡಿಸಿ, ಮತ್ತೆ ಹಾಕಿಕೊಂಡ. ಯಾರೋ ಕೆಣಕಿದರೆ "ನನಗೇನ ಕೇಳಸ್ತೈತಿ" ಎಂದ. ಅವತ್ತು ಸಂಜೆ ಅಂಗಡಿಗೆ ಬಂದ ಮಕ್ಕಳಿಗೆಲ್ಲ ಕೇಳದೆಯೇ ಬೆಲ್ಲದ ಚೂರು ಸಿಕ್ಕಿತು.

ಹಳೆಯದನ್ನೇ ಯಾಕೆ ಹೇಳುವುದಿಲ್ಲ ಎಂದು ಒಮ್ಮೆ ಕೇಳಿದ್ದೆ. ರೊಟ್ಟಿ ಬಡಿಯುತ್ತಲೇ ಹೇಳಿದಳು: "ಹಳೇ ಒಡಪ ಹಾಕಿದ್ರ ಗಂಡನೂ ಹಳಬ ಆದಂಗ ಅನಸ್ತೈತಿ ತಮ್ಮಾ." ರೊಟ್ಟಿ ಬಡಿಯುವ ಸಪ್ಪಳಕ್ಕೆ ಹೊಂದಿಸಿ ಸಾಲು ಕಟ್ಟುತ್ತಿದ್ದಳು, ಹೊಂದದಿದ್ದರೆ ಹಿಟ್ಟಿನ ಕೈಯಿಂದಲೇ ಹಣೆ ಚಚ್ಚಿಕೊಳ್ಳುತ್ತಿದ್ದಳು. ನಾನು ಹೊಸ್ತಿಲ ಪಕ್ಕ ಉಣ್ಣುತ್ತ ಕೇಳುತ್ತಿದ್ದೆ. ಉಂಡೆದ್ದು ಖೋಲಿಗೆ ಹೋಗಿ ಬರೆದುಕೊಳ್ಳುತ್ತಿದ್ದೆ. ಮೊದಮೊದಲು ಮೆಚ್ಚಿ ಬರೆದುಕೊಂಡದ್ದು ನಿಜ. ಯಾವಾಗ ಮೆಚ್ಚುಗೆ ಮುಗಿದು ಬೇರೆ ಲೆಕ್ಕ ಶುರುವಾಯಿತು ಎಂದು — ಹೇಳಲಾರೆ. ಅವಳು ಯಾವತ್ತೂ 'ಯಾಕ ಬರಕೋತೀಯೋ' ಎಂದು ಕೇಳಲಿಲ್ಲ. ಬರೆಯುವವನು ಬರೆಯುತ್ತಾನೆ ಎಂದುಕೊಂಡಿರಬೇಕು.

ಗಿರಿಜಾಳಿಗೆ ಗಂಡು ನೋಡುವ ಮಾತು ಶುರುವಾದ ವರ್ಷ, ಒಂದು ಮಧ್ಯಾಹ್ನ ಶೇಂಗಾ ಒಡೆಯುತ್ತ ಕೂತವಳು ನನ್ನನ್ನು ಕರೆದು ಕೂಡಿಸಿಕೊಂಡಳು. "ಇದೊಂದ ಇಟ್ಟೇನಪಾ. ಗಿರಿಜಾನ ಮದಿವ್ಯಾಗ ಹೇಳೋದು. ಅಲ್ಲೀತನಕ ಯಾರ ಮುಂದನೂ ಬಾಯಿ ಬಿಡಬ್ಯಾಡ" ಎಂದು ದನಿ ಇಳಿಸಿ ಹೇಳಿದಳು:

"ತೊಟ್ಟಿಲ ಕಟ್ಟಿದ ತೊಲಿಗೆ ತೋರಣ ಕಟ್ಟೇನಿ,
ಎತ್ತಿ ಆಡಿಸಿದ ಮಗಳ ಬೀಗರ ಉಡಿಗೆ ಇಟ್ಟೇನಿ,
ಕಣ್ಣೀರ ಒರಸಾಕ ನನ್ನ ಸೆರಗ ಸಾಲಲಿಲ್ಲ,
ಬಸವಣ್ಣೆಪ್ಪನವರ ಶಲ್ಲೇದ ಚುಂಗ ಹಿಡದೇನಿ."

ಹೇಳಿ ಮುಗಿಸಿ, ಶಲ್ಯದ ಅಂಚು ಹಿಡಿದಂತೆ ಕೈ ಮಾಡಿ ತೋರಿಸಿ, ಶೇಂಗಾದ ಸಿಪ್ಪೆ ಊದಿ, "ಹೆಂಗೈತಿ?" ಎಂದಳು. ಚೆನ್ನಾಗಿದೆ ಎಂದೆ. ಯಾರಿಗೂ ಹೇಳುವುದಿಲ್ಲ ಎಂದೂ ಹೇಳಿದೆ.

ಸವಣೂರಿನಲ್ಲಿ ಖಾದರಸಾಬರ ಪ್ರೆಸ್ಸಿತ್ತು. ನನ್ನ ಕಾರ್ಡು, ಹಸ್ತಪತ್ರಿಕೆಗಳೆಲ್ಲ ಅಲ್ಲೇ ಅಚ್ಚಾಗುತ್ತಿದ್ದವು. ಮದುವೆಯ ಕಾಲ ಮುಗಿದು ಮಷೀನು ಖಾಲಿ ನಿಂತಿದ್ದಾಗ ಅವರೇ ಹೇಳಿದರು: "ಹೆಣ್ಮಕ್ಕಳು ತಗೊಳ್ಳೋವಂಥಾದ್ದು ಏನಾರ ಬರೀರಿ ಮಾಸ್ತರ. ಬಸ್‌ಸ್ಟ್ಯಾಂಡಿನಾಗ ಇಟ್ಟರ ಹೋಗತೈತಿ." ಯಾವ ಶಾಲೆಯಲ್ಲೂ ಕಲಿಸದ ನನ್ನನ್ನು ಎಲ್ಲರೂ ಮಾಸ್ತರ ಎನ್ನುತ್ತಿದ್ದರು. ಮುಂದಿನ ವಾರ ಒಡಪುಗಳ ಹಸ್ತಪ್ರತಿ ಕೊಟ್ಟೆ. ಬಸವಣ್ಣೆಪ್ಪನ ಹೆಸರಿದ್ದ ಕಡೆಯಲ್ಲೆಲ್ಲ ಸಾಲಾಗಿ ಚುಕ್ಕಿ ಇಟ್ಟಿದ್ದೆ — ಯಾವ ಹೆಣ್ಣುಮಗಳಾದರೂ ತನ್ನ ಗಂಡನ ಹೆಸರು ಹಾಕಿಕೊಳ್ಳಲಿ ಎಂದು. ಆ ಉಪಾಯಕ್ಕೆ ನನ್ನನ್ನು ನಾನೇ ಮೆಚ್ಚಿಕೊಂಡೆ.

ಹೊದಿಕೆಗೆ ಅಚ್ಚಿನ ಮೊಳೆ ಜೋಡಿಸುವಾಗ ಖಾದರಸಾಬರು ಕೇಳಿದರು: "ಸಂಗ್ರಹ ಅಂತ ಹಾಕ್ಲೇನ್ರಿ, ರಚನೆ ಅಂತ ಹಾಕ್ಲೇನ್ರಿ?"

ಅವರು ಸಹಜವಾಗಿ ಕೇಳಿದರು. ಆ ಹೊತ್ತಿನಲ್ಲಿ ನೀಲಕ್ಕನ ಹಿಟ್ಟಿನ ಕೈ ಕಣ್ಣಿಗೆ ಬಂದಿರಲಿಲ್ಲ ಎಂದರೆ ಸುಳ್ಳು. "ರಚನೆ" ಎಂದೆ.

ಅಷ್ಟಕ್ಕೇ ನಿಲ್ಲಲಿಲ್ಲ. ಕೊನೆಯ ಪುಟ ಖಾಲಿ ಉಳಿಯಿತು, ಇನ್ನೊಂದು ಬೇಕು ಎಂದರು. ನನ್ನ ಬಳಿ ಉಳಿದಿದ್ದದ್ದು ಅದೊಂದೇ. ಒಂದನ್ನು ನಾನೇ ಕಟ್ಟಲು ಕೂತೆ. ಎರಡು ಸಾಲು ಬರೆದು ನೋಡಿದೆ, ಮಾನಪತ್ರದಂತೆ ಕೇಳಿಸಿತು. ಆಮೇಲೆ ತೊಟ್ಟಿಲಿನ ಒಡಪನ್ನು ಬರೆದುಕೊಟ್ಟೆ. ಗಿರಿಜಾಳ ಮದುವೆ ಇನ್ನೂ ಯಾವಾಗಲೋ, ಎಲ್ಲೋ — ಸವಣೂರಿನಲ್ಲಿ ಮಾರುವ ಪುಸ್ತಕ ಹಂಸಭಾವಿಗೆ ಯಾಕೆ ಬರುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ. ಹಿರೇಕೆರೂರಿನ ಕಡೆ ಪ್ರತಿ ಕಳಿಸಬೇಡಿ ಎಂದು ಖಾದರಸಾಬರಿಗೂ ಹೇಳಿದೆ. ಹೀಗೆ ಹೇಳಿದವನಿಗೆ ತಾನು ಮಾಡುತ್ತಿರುವುದೇನೆಂದು ಗೊತ್ತಿರಲಿಲ್ಲ ಎಂದು ಯಾರೂ ತಿಳಿಯಬೇಕಾಗಿಲ್ಲ.

ಪುಸ್ತಕ ಹೋಯಿತು. ನನ್ನ ಹೆಸರಿನ ಹಿಂದೆ 'ಕವಿ' ಸೇರಿಕೊಂಡಿತು. ಒಡಪು ಕಟ್ಟುವುದರ ಬಗ್ಗೆ ಮಾತಾಡಲು ಬನ್ನಿ ಎಂದು ರೇಡಿಯೋದವರಿಂದ ಕಾಗದ ಬಂತು. ಅರ್ಜಿ, ಹಸ್ತಪತ್ರಿಕೆಗಳಿಂದ ಮೇಲೆದ್ದೆ ಎಂದು ಹಿಗ್ಗಿದೆ. ಅದೇ ತಿಂಗಳು ಗಿರಿಜಾಳಿಗೆ ಗಂಡು ಗೊತ್ತಾಯಿತು. ಊರು ಯಲವಿಗಿ. ಸವಣೂರು ತಾಲೂಕು.

ಮದುವೆಯ ಕಾರ್ಡನ್ನು ಬರೆದವನು ನಾನೇ. 'ಯಲವಿಗಿ' ಎಂದು ಬರೆಯುವಾಗ ಪುಸ್ತಕ ಅಲ್ಲಿಗೂ ಹೋಗಿರುತ್ತದೆ ಎಂದು ಹೊಳೆಯಿತು. ಆಗಲಾದರೂ ಹೇಳಬಹುದಿತ್ತು — ಅಕ್ಕಾ, ಹೀಗೊಂದು ತಪ್ಪು ಮಾಡಿದ್ದೇನೆ, ಆ ಒಡಪು ಬೇಡ, ಬೇರೆ ಕಟ್ಟು. ಬೈಯುತ್ತಿದ್ದಳು. ಒಂದೆರಡು ದಿನ ರೊಟ್ಟಿ ತಣ್ಣಗೆ ಬರುತ್ತಿತ್ತು. ಆಮೇಲೆ ಹೊಸದೊಂದನ್ನು ಕಟ್ಟುತ್ತಿದ್ದಳು, ಅವಳಿಗೆ ಅದೇನು ದೊಡ್ಡದಾಗಿರಲಿಲ್ಲ. ದಿನಾ ಇವತ್ತು ಹೇಳೋಣ ಎಂದುಕೊಂಡು ಉಣ್ಣಲು ಕೂರುತ್ತಿದ್ದೆ, ಉಂಡು ಏಳುತ್ತಿದ್ದೆ. ದಿಬ್ಬಣದ ಟ್ರಕ್ಕಿನಲ್ಲಿ ಅವಳ ಎದುರಿಗೇ ಕೂತು ಯಲವಿಗಿಯವರೆಗೆ ಹೋದೆ. ಅವಳು ದಾರಿಯುದ್ದಕ್ಕೂ ತುಟಿ ಅಲ್ಲಾಡಿಸುತ್ತಿದ್ದಳು.

ಅಕ್ಷತೆ ಮುಗಿದು, ಮಧ್ಯಾಹ್ನ ಪಡಸಾಲೆಯಲ್ಲಿ ಮದುಮಕ್ಕಳನ್ನು ಕೂಡಿಸಿ ಆರತಿಗೆ ಹೆಂಗಸರು ಸೇರಿದರು. ವರನ ಸೋದರಮಾವ, ಶಾಲೆಯ ಮಾಸ್ತರರು, ನನ್ನನ್ನು ಕೈಹಿಡಿದು ಬಾಗಿಲವರೆಗೆ ಕರೆತಂದು, "ಒಡಪಿನ ಕವಿಗಳು ಇವರ ನೋಡ್ರಿ. ಇನ್ನ ರೇಡಿಯೋದಾಗ ಮಾತಾಡೋರದಾರ" ಎಂದು ಪರಿಚಯಿಸಿದರು. ನೀಲಕ್ಕ ಗದ್ದಲದಲ್ಲಿ ಅದನ್ನು ಕೇಳಿಸಿಕೊಂಡಳೋ ಇಲ್ಲವೋ. ವರನ ತಾಯಿ ಆರತಿಯ ತಟ್ಟೆಗೆ ಕೈ ಅಡ್ಡ ಹಿಡಿದು, "ಬೀಗತಿ ಹೆಸರ ಹೇಳಿದ ಮ್ಯಾಲ ಮುಂದಿಂದು" ಎಂದಳು.

ನೀಲಕ್ಕ ಎದ್ದು ನಿಂತಳು. ಸೆರಗನ್ನು ತಲೆಯ ಮೇಲೆ ಸರಿಮಾಡಿಕೊಂಡಳು. ಮೊದಲ ಸಾಲು ಹೇಳಿದಳು. ಎರಡನೆಯ ಸಾಲಿಗೆ ಗಂಡಿನ ಕಡೆಯ ಹುಡುಗಿಯೊಬ್ಬಳು ಕಿಸಕ್ಕನೆ ನಕ್ಕು ದನಿ ಕೂಡಿಸಿದಳು. ಮೂರನೆಯದಕ್ಕೆ ಇನ್ನಿಬ್ಬರು ಕೂಡಿದರು. ಕೊನೆಯ ಸಾಲಿಗೆ ಬರುವಷ್ಟರಲ್ಲಿ ಹುಡುಗಿಯರು ಅವಳಿಗಿಂತ ಮುಂದೆ ಹೋಗಿ, ಹೆಸರಿನ ಜಾಗದಲ್ಲಿ "ಊಂ ಊಂ ಊಂ" ಎಂದು ರಾಗ ಎಳೆದು, "ಶಲ್ಲೇದ ಚುಂಗ ಹಿಡದೇನಿ" ಎಂದು ಮುಗಿಸಿಬಿಟ್ಟರು. ನಾನಿಟ್ಟ ಚುಕ್ಕಿಗಳನ್ನು ಅವರು ಹಾಗೆ ಓದಿದ್ದರು. ನೀಲಕ್ಕ ಹೆಸರು ಹೇಳಲಿಲ್ಲ. ಬಾಯಿ ಅರ್ಧ ತೆರೆದು ನಿಂತಿದ್ದಳು.

ಒಬ್ಬಳು ಒಳಗೆ ಓಡಿಹೋಗಿ ಹಸಿರು ಪುಸ್ತಕ ತಂದಳು. "ಕಡೀ ಪುಟದಾಗ ಐತಿ ನೋಡ್ರಿ."

"ಇದು ನಂದವ್ವಾ. ನಾ ಕಟ್ಟಿದ್ದು" ಎಂದಳು ನೀಲಕ್ಕ.

ಎಲ್ಲರೂ ನಕ್ಕರು. ಕೆಟ್ಟ ನಗೆಯಲ್ಲ, ಮದುವೆಮನೆಯ ನಗೆ. "ಕಂಠಪಾಠ ಮಾಡಿದ್ರ ಏನಾತ ಬೀಗತಿ, ಅದಕ್ಕ್ಯಾಕ ನಾಚಿಕಿ?" ಎಂದಳು ವರನ ತಾಯಿ. ನೀಲಕ್ಕ ಆ ಗುಂಪಿನಲ್ಲಿ ನನ್ನನ್ನು ಹುಡುಕಿದಳು, ಬಾಗಿಲಲ್ಲಿ ಕಂಡಳು. ಅವಳ ಮುಖ ಗೆಲುವಾಯಿತು — ಇದನ್ನು ಬರೆಯುವಾಗ ನನಗೆ ಕಷ್ಟವಾಗುತ್ತದೆ — ನನ್ನನ್ನು ಕಂಡು ಅವಳ ಮುಖ ಗೆಲುವಾಯಿತು.

"ತಮ್ಮಾ, ಅಲ್ಲೇ ಅದೀಯಲ್ಲ. ನೀ ಹೇಳಪಾ ಇವರಿಗೆ."

ಪಕ್ಕದಲ್ಲಿ ಸೋದರಮಾವ ನನ್ನನ್ನೇ ನೋಡುತ್ತಿದ್ದರು. ಜೇಬಿನಲ್ಲಿ ರೇಡಿಯೋದ ಕಾಗದವಿತ್ತು. ನನ್ನ ವಿದ್ಯೆ ನೆರವಿಗೆ ಬಂತು, ಒಳ್ಳೆಯ ಮಾತು ಹೊಂದಿಕೊಂಡಿತು. ನಗುತ್ತಲೇ ಹೇಳಿದೆ: "ಅದು ನಾನ ಓದಿ ತೋರಿಸಿದ್ದು. ನಮ್ಮ ಅಕ್ಕಾರ ನೆನಪ ಭಾಳ ಚಲೋ ಐತ್ರಿ. ಒಮ್ಮಿ ಕೇಳಿದ್ರ ಮರಿಯಂಗಿಲ್ಲ."

ಎಲ್ಲರಿಗೂ ಸಮಾಧಾನವಾಯಿತು. ಬೀಗತಿಗೂ ಮಾನ ಉಳಿಯಿತು, ಕವಿಗೂ ಉಳಿಯಿತು. ನೀಲಕ್ಕ ನನ್ನನ್ನು ನೋಡಿದಳು, ಆಮೇಲೆ ಮಗಳನ್ನು ನೋಡಿದಳು. ಬಾಸಿಂಗ ಕಟ್ಟಿಕೊಂಡು ಕೂತ ಗಿರಿಜಾ ತಲೆ ಬಗ್ಗಿಸಿದಳು, ಅವಳಿಗೆ ಎಲ್ಲ ಗೊತ್ತಿತ್ತು. ಮಗಳು ಕಾಲಿಟ್ಟ ಮೊದಲ ದಿನವೇ ಬೀಗರ ಪಡಸಾಲೆಯಲ್ಲಿ ಜಗಳ ತೆಗೆಯುವ ತಾಯಿ ಅವಳಲ್ಲ. "ಹೂಂನವ್ವಾ, ಹಂಗ ಇರಬೇಕು" ಎಂದು ಕೂತಳು. ಆರತಿ ಮುಂದುವರಿಯಿತು. ಹೊರಗೆ ಚಪ್ಪರದಲ್ಲಿ ಬಸವಣ್ಣೆಪ್ಪ ಬೀಗರಿಗೆ ಎಲೆ ಅಡಿಕೆ ಕೊಡುತ್ತಿದ್ದ. ಈ ಗದ್ದಲದಲ್ಲಿ ಅವನಿಗೆ ತನ್ನ ಹೆಸರು ಕೇಳಿಸಿರಲಿಲ್ಲ, ಯಾಕೆಂದರೆ ಅದನ್ನು ಯಾರೂ ಹೇಳಿರಲಿಲ್ಲ.

ಹಂಸಭಾವಿಗೆ ಮರಳಿದ ಮೇಲೆ ಅವಳು ನನ್ನನ್ನು ಏನೂ ಕೇಳಲಿಲ್ಲ. ಬೈಯಲಿಲ್ಲ. ರೊಟ್ಟಿ ಬಿಸಿಯಾಗಿಯೇ ಬಂತು. ಆದರೆ ಬಡಿಯುವಾಗ ಬಾಯಿ ಮುಚ್ಚಿರುತ್ತಿತ್ತು. ನನಗೆ ತಡೆಯಲಾಗಲಿಲ್ಲ. ಕೆಲಸದ ನೆಪ ಹೇಳಿ ಖೋಲಿ ಬಿಟ್ಟು ಸವಣೂರಿಗೆ ಹೋದೆ. ರೇಡಿಯೋದಲ್ಲಿ ಮಾತಾಡಿದೆ, ಚೆನ್ನಾಗಿಯೇ ಮಾತಾಡಿದೆ. ಯಾರ ಮನೆಯ ಕುಬಸಕ್ಕೆ ಕರೆದರೂ ನೀಲಗಂಗವ್ವ ಹೆಸರು ಹೇಳುತ್ತಿಲ್ಲ, ಕಾಡಿದರೆ "ಬುಕ್ಕಿನಾಗ ಅದಾವಲ್ಲ, ಓದ್ಕೋರಿ" ಎಂದು ಎದ್ದು ಹೋಗುತ್ತಾಳೆ ಎಂದು ಆಗೀಗ ಸುದ್ದಿ ಬರುತ್ತಿತ್ತು.

ಕೆಲವು ವರ್ಷಗಳ ಮೇಲೆ ಹಿರೇಕೆರೂರಿನ ಬಸ್‌ಸ್ಟ್ಯಾಂಡಿನಲ್ಲಿ ಬಸವಣ್ಣೆಪ್ಪ ಸಿಕ್ಕ. ಅಂಗಡಿಯ ಮಾಲಿನ ಚೀಲದ ಮೇಲೆ ಕೂತಿದ್ದ. ನನ್ನನ್ನು ಕಂಡು ಚಹಾ ಕುಡಿಸಿದ. ಬಸ್ಸು ಬರುವ ಹೊತ್ತಿಗೆ, ಬೇರೆಲ್ಲೋ ನೋಡುತ್ತ ಹೇಳಿದ: "ಮಾಸ್ತರ, ನಮ್ಮನ್ಯಾಕಿ ನನ್ನ ಹೆಸರ ಹೇಳೋದ ಬಿಟ್ಟಾಳ ನೋಡ್ರಿ. ನಂದ ಏನ ತಪ್ಪಾಗೇತೋ ಏನೋ. ಕೇಳಾಕ ನಾಚಿಕಿ. ನಿಮಗೇನರ ಹೇಳಿದ್ಳೇನ್ರಿ?"

"ವಯಸ್ಸಾತಲ್ರಿ ಅವರಿಗೂ" ಎಂದೆ. ಅದು ನನ್ನ ಎರಡನೆಯ ಸುಳ್ಳು, ಮೊದಲನೆಯದಕ್ಕಿಂತ ದೊಡ್ಡದು. ಅವನು ತಲೆಯಾಡಿಸಿ ಚೀಲ ಎತ್ತಿಕೊಂಡ.

ಎಂಬತ್ತರ ದಶಕದ ನಡುವೆ ಬಸವಣ್ಣೆಪ್ಪ ತೀರಿಕೊಂಡ. ತನ್ನ ತಪ್ಪೇನೆಂದು ತಿಳಿಯದೆಯೇ ಹೋದ. ಶಿವಗಣಾರಾಧನೆಯ ಕಾರ್ಡು ಬರೆದುಕೊಡಿ ಎಂದು ಯಲವಿಗಿಯಿಂದ ನನ್ನಲ್ಲಿಗೇ ಹೇಳಿ ಕಳಿಸಿದರು — ಇಂಥ ಕೆಲಸಕ್ಕೆ ಬೇರೆ ಯಾರಿದ್ದಾರೆ? ಕಾಗದದ ಮೇಲುಗಡೆ ಅವನ ಹೆಸರನ್ನು ಪೂರ್ತಿಯಾಗಿ ಬರೆದೆ. ಬರೆದು ಲೇಖನಿ ಕೆಳಗಿಟ್ಟೆ. ಇನ್ನು ಮುಂದೆ ಯಾವ ಮದುವೆಯಲ್ಲೂ, ಯಾವ ತೊಟ್ಟಿಲಲ್ಲೂ ನೀಲಕ್ಕನನ್ನು ಯಾರೂ ಗಂಡನ ಹೆಸರು ಕೇಳುವುದಿಲ್ಲ. ಮುತ್ತೈದೆಯರನ್ನಷ್ಟೇ ಕೇಳುತ್ತಾರೆ. ನಾನು ಕದ್ದದ್ದು ಪದ್ಯಗಳನ್ನು ಎಂದುಕೊಂಡಿದ್ದೆ. ಅವಳು ಆ ಹೆಸರು ಹೇಳಬಹುದಾಗಿದ್ದ ವರ್ಷಗಳನ್ನು ಕದ್ದಿದ್ದೆ, ಅವನು ಅದನ್ನು ಕೇಳಬಹುದಾಗಿದ್ದ ವರ್ಷಗಳನ್ನು.

ಹಂಸಭಾವಿಗೆ ಹೋದೆ. ಅಂಗಡಿಯ ಬಾಗಿಲು ಮುಚ್ಚಿತ್ತು. ನೀಲಕ್ಕ ಪಡಸಾಲೆಯಲ್ಲಿ ಗೋಡೆಗೆ ಒರಗಿ ಕೂತಿದ್ದಳು, "ಬಾ ತಮ್ಮಾ" ಎಂದಳು. ನಾನು ಎಲ್ಲವನ್ನೂ ಹೇಳಿದೆ — ಖಾದರಸಾಬರ ಪ್ರಶ್ನೆ, ಚುಕ್ಕಿ, ಬಸ್‌ಸ್ಟ್ಯಾಂಡಿನ ಚಹಾ. ಪೂರ್ತಿ ಕೇಳಿದಳು.

"ಬುಕ್ಕ ಮಾಡಿದ್ದಕ್ಕ ಸಿಟ್ಟಿಲ್ಲಪಾ. ಕೇಳಿದ್ರ ಇನ್ನೂ ಹತ್ತ ಕಟ್ಟಿ ಕೊಡ್ತಿದ್ದೆ. ಅವತ್ತ ನಿನ್ನ ಕರದ್ನೆಲ್ಲ... ಒಂದ ಮಾತ ಹೇಳಿದ್ರ ಸಾಕಿತ್ತು."

"ಈಗ ಹೇಳ್ತೇನಿ ಅಕ್ಕಾ. ನಾಲ್ಕ ಮಂದ್ಯಾಗ ನಿಂತ ಹೇಳ್ತೇನಿ."

"ಹೇಳು. ಆದ್ರ ಈಗ ನನಗ ಹೆಸರ ಹೇಳಂತ ಯಾರ ಕೇಳ್ತಾರ?" ಎಂದಳು. ಬಸ್‌ಸ್ಟ್ಯಾಂಡಿನಲ್ಲಿ ಬಸವಣ್ಣೆಪ್ಪ ಆಡಿದ ಮಾತನ್ನು ಅವನು ಆಡಿದಂತೆಯೇ ಮತ್ತೊಮ್ಮೆ ಹೇಳಿದಾಗ ಮಾತ್ರ ಅವಳ ಕಣ್ಣು ತುಂಬಿದವು. "ತಪ್ಪ ನಂದ ಅಂದ್ರೇನು ಅವರು?" ಎಂದು ಎರಡು ಸಲ ಕೇಳಿದಳು.

ಯಲವಿಗಿಗೆ ಹೋಗಿ ಅದೇ ಪಡಸಾಲೆಯಲ್ಲಿ, ಗಿರಿಜಾ ಮತ್ತು ಅವಳ ಅತ್ತೆಯ ಮುಂದೆ, ಆ ಸೋದರಮಾವನ ಮುಂದೆ ಹೇಳಿದೆ. ಅತ್ತೆ, "ಇದನ್ನ ಆಗ ಹೇಳಬೇಕಿತ್ತಲ್ರಿ" ಎಂದಳು. ಗಿರಿಜಾ ಒಳಗೆ ಎದ್ದು ಹೋದಳು, ನಾನು ಹೊರಡುವವರೆಗೂ ಹೊರಗೆ ಬರಲಿಲ್ಲ.

ಆಮೇಲೆ ಖಾದರಸಾಬರ ಬಳಿ ಹೋಗಿ ಪುಸ್ತಕಕ್ಕೆ ಹೊಸದಾಗಿ ಮೊಳೆ ಜೋಡಿಸಲು ಹೇಳಿದೆ. ಹೊದಿಕೆಯ ಮೇಲೆ ನೀಲಗಂಗವ್ವನ ಹೆಸರು ಮಾತ್ರ. ಚುಕ್ಕಿ ಇದ್ದ ಕಡೆಯಲ್ಲೆಲ್ಲ ಬಸವಣ್ಣೆಪ್ಪನ ಹೆಸರು. ಅವರು ಕನ್ನಡಕ ಏರಿಸಿ ನೋಡಿ, "ಇದನ್ನ ಯಾರ ತಗೋತಾರ್ರಿ ಮಾಸ್ತರ? ಎಲ್ಲಾರೂ ಬಸವಣ್ಣೆಪ್ಪನ ಹೇಣ್ತೇರ ಏನು?" ಎಂದರು. ಯಾರೂ ತೆಗೆದುಕೊಳ್ಳಬೇಕಾಗಿಲ್ಲ ಎಂದೆ. ಒಂದಿಷ್ಟೇ ಪ್ರತಿ ಅಚ್ಚಾದವು.

ಮೊದಲ ಪ್ರತಿಯನ್ನು ಹಂಸಭಾವಿಗೆ ಒಯ್ದೆ. ಅವಳು ಕೈಯಲ್ಲಿ ಹಿಡಿದು ಹಿಂದೆ ಮುಂದೆ ತಿರುಗಿಸಿ ನೋಡಿ, ನನಗೇ ವಾಪಸು ಕೊಟ್ಟಳು. "ಓದಿ ತೋರಸು" ಎಂದಳು. ಅವಳಿಗೆ ನಾನು ಓದಿ ತೋರಿಸಿದ್ದು ಜೀವನದಲ್ಲಿ ಅದೇ ಮೊದಲು. ಒಂದೊಂದನ್ನೇ ಓದುತ್ತ ಹೋದೆ, ಗುಂಜಿಯ ಒಡಪಿಗೆ ಅವಳ ತುಟಿ ಸ್ವಲ್ಪ ನಕ್ಕಿತು. ಕೊನೆಯ ಪುಟಕ್ಕೆ ಬಂದೆ. ಮೂರು ಸಾಲು ಓದಿ ನಿಲ್ಲಿಸಿ, ನಾಲ್ಕನೆಯದನ್ನು ಅವಳೇ ಹೇಳಲಿ ಎಂದು ಕಾದೆ.

"ಅದನ್ನ ನಾ ಹೇಳಂಗಿಲ್ಲಪಾ ಈಗ" ಎಂದಳು, ಸೆರಗನ್ನು ತಲೆಯ ಮೇಲೆ ಎಳೆದುಕೊಂಡು. "ನೀನ ಓದು."

ನಾನು ಓದಿದೆ.